ಡೆಪ್ಯುಟಿ ಚನ್ನಬಸಪ್ಪನವರು ಮತ್ತು ನಮ್ಮ ಪಾಲಕರ ಸಭೆ

ಬೋಧನಾಭ್ಯಾಸಕ್ಕೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಶಾಲೆಗಳಿಗೆ ಹೋಗಿ ಬಂದ ನಮ್ಮ ತಂಡದ ಎಲ್ಲರೂ ಹೊತ್ತು ತಂದ ಮಾತು ಒಂದೇ: ಪಾಲಕರು ಶಾಲೆಗೆ ಬರುವುದಿಲ್ಲ. ಈ ಮಾತನ್ನು ನಾವು ಪಾಲಕರ ದೋಷವೆಂದೇ ಬರೆದುಕೊಳ್ಳುತ್ತೇವೆ. ಇದೇ ನಾಡಿನಲ್ಲಿ ಸುಮಾರು ನೂರೈವತ್ತು ವರ್ಷಗಳ ಹಿಂದೆ ಒಬ್ಬ ಶಿಕ್ಷಣಾಧಿಕಾರಿ ಇದನ್ನು ಶಾಲೆಯ ದೋಷವೆಂದು ನೋಡಿದರು. ಅವರೇ ಡೆಪ್ಯುಟಿ ಚನ್ನಬಸಪ್ಪನವರು. ಅವರ ಬದುಕನ್ನು ಈ ಒಂದು ಪ್ರಶ್ನೆ ಇಟ್ಟುಕೊಂಡು ಇಲ್ಲಿ ಪರಿಚಯಿಸುತ್ತಿದ್ದೇನೆ.

ಚನ್ನಬಸಪ್ಪನವರು ಹುಟ್ಟಿದ್ದು 1834ರಲ್ಲಿ, ಧಾರವಾಡದಲ್ಲಿ. ಆಗ ನಮ್ಮ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಸರ್ಕಾರಿ ಕಾಗದಗಳಲ್ಲಿ ಇದರ ಹೆಸರು ದಕ್ಷಿಣ ಮರಾಠಾ ದೇಶ. 1818ರಲ್ಲಿ ಪೇಶ್ವೆಗಳ ಆಡಳಿತ ಮುಗಿದರೂ ಕಚೇರಿಯಲ್ಲಿ ಮರಾಠಿಯ ಬಳಕೆ ಮುಗಿದಿರಲಿಲ್ಲ. ಹಳ್ಳಿಯ ಮಕ್ಕಳಿಗೆ ಇದ್ದದ್ದು ಗಾಂವಟಿ ಮಠ. ಐಗಳು ಮಕ್ಕಳನ್ನು ಸಾಲಾಗಿ ಕೂಡಿಸಿ ಉಸುಕಿನ ಮೇಲೆ ಬೆರಳಿನಿಂದ ಅಕ್ಷರ ತೀಡಿಸುತ್ತಿದ್ದರು. ಮನೆಯವರು ಜೋಳ, ಕಾಳುಕಡಿ ಕೊಡುತ್ತಿದ್ದರು. ಆ ಮಠದ ಕೊರತೆಗಳು ಹಲವು. ಎಲ್ಲ ಜಾತಿಯ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಅಲ್ಲಿ ಜಾಗವಿರಲಿಲ್ಲ. ಆದರೂ ಮಗ ಏನು ಕಲಿತನೆಂದು ಕೇಳುವ ಅಧಿಕಾರ ಕಾಳು ಕೊಟ್ಟ ತಂದೆಗಿತ್ತು.

ಚನ್ನಬಸಪ್ಪನವರು ಹೆಚ್ಚಿನ ಓದಿಗೆ ಪುಣೆಗೆ ಹೋದರು. ಮರಾಠಿ, ಇಂಗ್ಲಿಷ್ ಎರಡರಲ್ಲೂ ಪಳಗಿದರು. ಅಷ್ಟು ಕಲಿತವರು ಬೇರೆ ದಾರಿ ಹಿಡಿಯಬಹುದಿತ್ತು. ಅವರು ಶಿಕ್ಷಣ ಖಾತೆಗೆ ಬಂದರು. ಧಾರವಾಡದಲ್ಲಿ 1856ರಲ್ಲಿ ಕನ್ನಡ ಶಿಕ್ಷಕರ ತರಬೇತಿಗೆಂದು ನಾರ್ಮಲ್ ಸ್ಕೂಲು ಆರಂಭವಾಯಿತು. ಅದರ ಮುಖ್ಯಾಧ್ಯಾಪಕರಾಗಿ ಅವರು ದುಡಿದರು. ಅಂದರೆ ಡೆಪ್ಯುಟಿ ಆಗುವ ಮೊದಲು ಅವರು ನಮ್ಮ ಗುರುಗಳಂತೆಯೇ ಶಿಕ್ಷಕರ ಶಿಕ್ಷಕರು. ಮುಂದೆ ಡೆಪ್ಯುಟಿ ಎಜ್ಯುಕೇಶನಲ್ ಇನ್‌ಸ್ಪೆಕ್ಟರ್ ಆಗಿ ಬೆಳಗಾವಿಗೆ ಹೋದರು. ಜನ ಆ ಹುದ್ದೆಯನ್ನೇ ಅವರ ಹೆಸರಿಗೆ ಸೇರಿಸಿದರು.

ಬೆಳಗಾವಿ ಭಾಗದಲ್ಲಿ ಅವರು ಕಂಡದ್ದು ಮರಾಠಿ ಶಾಲೆಗಳನ್ನು. ಮಕ್ಕಳ ಮನೆಮಾತು ಕನ್ನಡ, ಪುಸ್ತಕ ಮರಾಠಿ. ಮಗು ಸಂಜೆ ಮನೆಗೆ ಬಂದು ಪಾಠ ಒಪ್ಪಿಸಿದರೆ ತಾಯಿಗೆ ತಿಳಿಯದು, ತಂದೆಗೆ ತಪ್ಪು ಒಪ್ಪು ಗೊತ್ತಾಗದು. ಇಂಥ ಶಾಲೆಯ ಬಗ್ಗೆ ಪಾಲಕ ಏನು ಹೇಳಿಯಾನು? ಚನ್ನಬಸಪ್ಪನವರು ಹಳ್ಳಿಗಳನ್ನು ಸುತ್ತಿದರು, ಜನರನ್ನು ಹುರಿದುಂಬಿಸಿದರು, ಕನ್ನಡ ಶಾಲೆಗಳನ್ನು ತೆರೆಯಿಸಿದರು. ಮೇಲಧಿಕಾರಿ ರಸೆಲ್ ಸಾಹೇಬರು ಅವರ ಬೆನ್ನಿಗೆ ನಿಂತರು. ಇದನ್ನು ನಾವು ಸಾಮಾನ್ಯವಾಗಿ ಭಾಷಾಭಿಮಾನದ ಕಥೆಯಾಗಿ ಓದುತ್ತೇವೆ. ನನಗೆ ಇದು ಪಾಲಕರ ಕಥೆಯಾಗಿಯೂ ಕಾಣುತ್ತದೆ. ಪಾಠ ಮನೆಯ ಭಾಷೆಗೆ ಬಂದ ದಿನದಿಂದ ಪಾಲಕ ಅದನ್ನು ಕೇಳಿಸಿಕೊಳ್ಳಬಲ್ಲವನಾದ.

ಹಣದ ವಿಷಯವನ್ನೂ ಗಮನಿಸಬೇಕು. 1850ರ ದಶಕದ ಮುಂಬಯಿ ಪ್ರಾಂತದಲ್ಲಿ ಊರಿನವರು ಶಾಲೆಗೆ ಜಾಗ ಕೊಟ್ಟು, ಮಾಸ್ತರರ ಪಗಾರದಲ್ಲಿ ಅರ್ಧ ಭರಿಸಿದರೆ ಉಳಿದರ್ಧವನ್ನು ಸರ್ಕಾರ ಕೊಡುವ ಪದ್ಧತಿ ಇತ್ತು. 1860ರ ದಶಕದಲ್ಲಿ ಭೂಕಂದಾಯದ ರೂಪಾಯಿಗೆ ಒಂದಾಣೆ ಸೆಸ್ ಬಂತು. ಅದರಲ್ಲಿ ಮೂರನೆಯ ಒಂದು ಪಾಲು ಶಾಲೆಗಳಿಗೆ. ಶಾಲೆಗಳು ಹೆಚ್ಚಿದವು, ಅದು ಒಳ್ಳೆಯದೇ ಆಯಿತು. ಆದರೆ ಐಗಳ ಮುಂದೆ ಪಾಲಕನಿಗಿದ್ದ ಮಾತಿನ ಬಲ ಸರ್ಕಾರಿ ಪಗಾರದ ಮಾಸ್ತರರ ಮುಂದೆ ಉಳಿಯಲಿಲ್ಲವೆಂದು ನನಗನಿಸುತ್ತದೆ. ರೈತ ಹಣ ಕೊಟ್ಟ, ಪ್ರಶ್ನೆ ಕೇಳುವುದನ್ನು ಬಿಟ್ಟ.

1865ರಲ್ಲಿ ಶಿಕ್ಷಕರಿಗಾಗಿ ‘ಮಠಪತ್ರಿಕೆ’ ಹೊರಟಿತು. ಅದರ ಹಿಂದೆ ದುಡಿದವರಲ್ಲಿ ಚನ್ನಬಸಪ್ಪನವರು ಮುಖ್ಯರು. ಹೆಸರಿನಲ್ಲಿ ಶಾಲೆಗೆ ಜನ ಬಳಸುತ್ತಿದ್ದ ಪದವನ್ನೇ ಉಳಿಸಿಕೊಂಡದ್ದನ್ನು ನೋಡಿ. ಅದೇ ಮುಂದೆ ‘ಜೀವನ ಶಿಕ್ಷಣ’ವಾಯಿತು. 1871ರಲ್ಲಿ ಅವರು ಶೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’ ನಾಟಕವನ್ನು ‘ನಗದವರನ್ನು ನಗಿಸುವ ಕಥೆ’ಯಾಗಿ ಕನ್ನಡಕ್ಕೆ ತಂದರು. 1881ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು.

ಅವರ ಕಾಲದಲ್ಲಿ ಇಲ್ಲದ್ದು ಇಂದು ನಮ್ಮಲ್ಲಿದೆ. ಕರ್ನಾಟಕದಲ್ಲಿ 2001ರಿಂದ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಶೇ. 75ರಷ್ಟು ಪಾಲಕರು, ಒಟ್ಟಾರೆ ಅರ್ಧದಷ್ಟು ಮಹಿಳೆಯರು ಇರಬೇಕು. ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ಈ ಸಮಿತಿಯ ಕೆಲಸ. ಕಾನೂನು ಪಾಲಕರಿಗೆ ಕುರ್ಚಿ ಕೊಟ್ಟಿದೆ. ಮಾತು ಕೊಡಬೇಕಾದವರು ನಾವು.

ನಮ್ಮ ತಂಡ ಕಂಡ ಒಂದು ಶಾಲೆಯಲ್ಲಿ ಸಭೆಯನ್ನು ಸೋಮವಾರ ಮಧ್ಯಾಹ್ನ ಕರೆದಿದ್ದರು. ಬ್ಯಾಡಗಿ ಮೆಣಸಿನಕಾಯಿ ಪೇಟೆ ಜೋರಾಗಿರುವುದು ಸೋಮವಾರ ಮತ್ತು ಗುರುವಾರ. ಹಮಾಲಿಗೆ, ಕಾಯಿಯ ತೊಟ್ಟು ಬಿಡಿಸಲಿಕ್ಕೆ ಹೋದವರು ಅಂದಿನ ಕೂಲಿ ಬಿಟ್ಟು ಬರುವರೇ? ಬಂದವರ ಮುಂದೆ ಠರಾವು ಪುಸ್ತಕ ಬರೆದು ಸಿದ್ಧವಾಗಿತ್ತು, ಸಹಿಯಷ್ಟೇ ಬಾಕಿ. ಬರೆದದ್ದು ಕನ್ನಡವೇ, ಆದರೆ ಯೋಜನೆಗಳ ಸಂಕ್ಷಿಪ್ತ ಹೆಸರುಗಳಿಂದ ತುಂಬಿದ ಕನ್ನಡ. ಚನ್ನಬಸಪ್ಪನವರು ಕಂಡ ಗೋಡೆ ಬೇರೆ ರೂಪದಲ್ಲಿ ಅಲ್ಲೇ ನಿಂತಿತ್ತು.

ರಾಣೇಬೆನ್ನೂರು ಸೀಮೆಯಲ್ಲಿ ನಾನು ಹತ್ತನೆಯ ತರಗತಿಗೆ ಪರಾಗಸ್ಪರ್ಶದ ಪಾಠ ಮಾಡಬೇಕಿತ್ತು. ಅಲ್ಲಿ ಹೈಬ್ರಿಡ್ ಬೀಜೋತ್ಪಾದನೆಯ ಪ್ಲಾಟುಗಳು ಬಹಳ. ಕ್ರಾಸಿಂಗ್ ಕೆಲಸಕ್ಕೆ ಹೆಣ್ಣುಮಕ್ಕಳೇ ಹೋಗುತ್ತಾರೆ. ಮಾರ್ಗದರ್ಶಕ ಶಿಕ್ಷಕರ ಒಪ್ಪಿಗೆ ಪಡೆದು, ಒಬ್ಬ ವಿದ್ಯಾರ್ಥಿನಿಯ ತಾಯಿಯನ್ನು ಕೆಲಸವಿಲ್ಲದ ದಿನ ತರಗತಿಗೆ ಕರೆದೆ. ಸಂಜೆ ಮೊಗ್ಗಿನಿಂದ ಕೇಸರ ಕೀಳುವುದನ್ನು, ಮರುದಿನ ಬೆಳಿಗ್ಗೆ ಶಲಾಕಾಗ್ರಕ್ಕೆ ಪರಾಗ ಸವರುವುದನ್ನು ಅವರು ಟೊಮ್ಯಾಟೊ ಹೂವಿನಲ್ಲಿ ತೋರಿಸಿದರು. ಪದ ನನ್ನದು, ಕೈ ಅವರದು. ಮುಗಿದ ಮೇಲೆ ಪ್ರಯೋಗಾಲಯದ ಬೀಗ ಹಾಕಿದ ಕಪಾಟನ್ನು ನೋಡಿ, ಇವನ್ನೆಲ್ಲ ಮಕ್ಕಳು ಮುಟ್ಟಿ ಮಾಡುತ್ತಾರೋ ನೋಡುತ್ತಾರಷ್ಟೇನೋ ಎಂದು ಕೇಳಿದರು. ಎಸ್‌ಡಿಎಂಸಿ ಸಭೆಯಲ್ಲಿ ಬರಬೇಕಾದ ಪ್ರಶ್ನೆ ಅದು. ಅವರು ಅದುವರೆಗೆ ಒಂದು ಸಭೆಗೂ ಬಂದಿರಲಿಲ್ಲ.

ನಮ್ಮ ಪಾಠ ಯೋಜನೆಯ ನಮೂನೆಯಲ್ಲಿ ಉದ್ದೇಶ, ಚಟುವಟಿಕೆ, ಉಪಕರಣ, ಮೌಲ್ಯಮಾಪನ ಎಂಬ ಕಾಲಂಗಳಿವೆ. ಈ ವಿಷಯದ ಬಗ್ಗೆ ಮನೆಯವರಿಗೆ ಏನು ಗೊತ್ತಿದೆ ಎಂಬ ಇನ್ನೊಂದು ಕಾಲಂ ಸೇರಿಸಬೇಕೆಂದು ಗುರುಗಳಲ್ಲಿ ನನ್ನ ವಿನಂತಿ. ಸಹಪಾಠಿಗಳಲ್ಲಿ ಕೋರುವುದು ಇಷ್ಟೇ: ಮುಂದಿನ ಶಾಲೆಗೆ ಹೋದಾಗ ಮೊದಲ ವಾರವೇ ಊರಿನ ಸಂತೆ ಯಾವ ದಿನ, ಕೂಲಿಯ ಹೊತ್ತು ಯಾವುದು ಎಂದು ತಿಳಿದುಕೊಳ್ಳಿ. ಪಾಲಕರ ಸಭೆಯ ದಿನವನ್ನು ಆಮೇಲೆ ಗೊತ್ತುಮಾಡೋಣ.