ಪಾನಪಾತ್ರೆಯ ಕಾವಲುಗಾರ ಸಂತ ಸಿಪ್ರಿಯನ್

ಬಲಿಪೂಜೆಯಲ್ಲಿ ಗುರುಗಳು ದ್ರಾಕ್ಷಾರಸಕ್ಕೆ ತುಸು ನೀರು ಬೆರೆಸುವುದನ್ನು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ನಮ್ಮ ಮನೆಯ ಮಕ್ಕಳೂ ಕಂಡಿರುತ್ತಾರೆ. ಆ ಹನಿ ನೀರಿನ ಅರ್ಥವನ್ನು ಧರ್ಮಸಭೆಗೆ ವಿಶದವಾಗಿ ತಿಳಿಸಿಕೊಟ್ಟ ಮಹನೀಯರಲ್ಲಿ ಕಾರ್ಥೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯನ್ ಅಗ್ರಗಣ್ಯರು.

ಇಂದಿನ ಟುನೀಸಿಯಾ ದೇಶದಲ್ಲಿರುವ ಕಾರ್ಥೇಜ್ ನಗರದಲ್ಲಿ ಅವರು ಸಿರಿವಂತರು, ವಾಕ್ಚತುರ ಪಂಡಿತರು. ಸುಮಾರು 246ರಲ್ಲಿ ದೀಕ್ಷಾಸ್ನಾನ ಪಡೆದು, ಆಸ್ತಿಯ ಬಹುಭಾಗವನ್ನು ಬಡವರಿಗೆ ಹಂಚಿದರು. ಎರಡು ಮೂರು ವರ್ಷಗಳಲ್ಲೇ ಧರ್ಮಾಧ್ಯಕ್ಷರಾದರು. 250ರಲ್ಲಿ ದೇಕಿಯಸ್ ಚಕ್ರವರ್ತಿಯ ಹಿಂಸೆ ಎರಗಿದಾಗ ಮರೆಯಲ್ಲಿದ್ದು ಪತ್ರಗಳ ಮೂಲಕ ಸಭೆಯನ್ನು ನಡೆಸಿದರು. ಹೆದರಿ ಓಡಿದರೆಂಬ ನಿಂದೆಯನ್ನೂ ಸಹಿಸಿದರು.

ಆದಿ ಕ್ರೈಸ್ತರು ಸಂಜೆ ಕೂಡಿ ಉಣ್ಣುತ್ತಿದ್ದರು. ನಮ್ಮ ಸೀಮೆಯ ಮಠಗಳ ದಾಸೋಹದಂತೆ ಬಡವ ಬಲ್ಲಿದರು ಒಂದೇ ಪಂಕ್ತಿಯಲ್ಲಿ ಕೂಡಬೇಕೆಂಬುದೇ ಅದರ ಆಶಯ. ದ್ರಾಕ್ಷಾರಸವು ಆ ನಾಡುಗಳ ನಿತ್ಯದ ಪಾನೀಯ. ನೀರು ಬೆರೆಸಿ ಕುಡಿಯುವುದು ವಾಡಿಕೆ. ಆದರೆ ಕೊರಿಂಥದಲ್ಲಿ ಕೆಲವರು ಹಸಿದಿರಲು ಕೆಲವರು ಕುಡಿದು ಮತ್ತರಾದುದನ್ನು ಸಂತ ಪೌಲರು ಖಂಡಿಸಬೇಕಾಯಿತು. ಸಿಪ್ರಿಯನರ ಕಾಲಕ್ಕೆ ಬಲಿಪೂಜೆಯು ಸಂಜೆಯ ಊಟದಿಂದ ಬೇರೆಯಾಗಿ ಮುಂಜಾನೆಗೆ ಸೇರಿತ್ತು.

ಅಲ್ಲೇ ತೊಡಕು ಹುಟ್ಟಿತು. ನಸುಕಿನಲ್ಲೇ ಬಾಯಿಂದ ದ್ರಾಕ್ಷಾರಸದ ವಾಸನೆ ಬಂದರೆ ಕ್ರೈಸ್ತನೆಂಬ ಗುರುತು ಸಿಕ್ಕಿಬಿಡುತ್ತಿತ್ತು. ಕೆಲವರು ಅಂಜಿಕೆಯಿಂದ, ಕೆಲವರು ಅರಿಯದೆ, ಬರಿಯ ನೀರನ್ನೇ ಅರ್ಪಿಸತೊಡಗಿದರು. ಸುಮಾರು 253ರಲ್ಲಿ ಸಿಪ್ರಿಯನರು ಸೆಸಿಲಿಯಸ್ ಎಂಬ ಧರ್ಮಾಧ್ಯಕ್ಷರಿಗೆ ದೀರ್ಘ ಪತ್ರ ಬರೆದು ಇದನ್ನು ತಿದ್ದಿದರು. ದ್ರಾಕ್ಷಾರಸವು ಕ್ರಿಸ್ತರ ರಕ್ತವನ್ನೂ ನೀರು ವಿಶ್ವಾಸಿಗಳನ್ನೂ ಸೂಚಿಸುತ್ತದೆ. ಬರಿಯ ನೀರಿನಲ್ಲಿ ಕ್ರಿಸ್ತರಿಲ್ಲ, ಬರಿಯ ದ್ರಾಕ್ಷಾರಸದಲ್ಲಿ ಜನರಿಲ್ಲ. ಬೆರೆತ ಮೇಲೆ ಬೇರ್ಪಡಿಸಲಾಗದು ಎಂಬುದು ಅವರ ಬೋಧೆ. ಕ್ರಿಸ್ತರ ರಕ್ತವನ್ನು ಪಾನ ಮಾಡಲು ನಾಚುವವನು ಅವರಿಗಾಗಿ ರಕ್ತ ಸುರಿಸುವುದು ಹೇಗೆಂದೂ ಅವರು ಕೇಳಿದರು.

ಆ ಪ್ರಶ್ನೆ ತಿರುಗಿ ಅವರನ್ನೇ ಅರಸಿ ಬಂದಿತು. 257ರಲ್ಲಿ ವಲೇರಿಯನ್ ಚಕ್ರವರ್ತಿಯ ಆಳ್ವಿಕೆಯಲ್ಲಿ ಅವರನ್ನು ಕುರೂಬಿಸ್ ಎಂಬ ಊರಿಗೆ ಗಡಿಪಾರು ಮಾಡಲಾಯಿತು. ಮರುವರ್ಷ ಸಿಪ್ರಿಯನರು ಮರೆಯಾಗಿ ಉಳಿಯಲು ಬಯಸಲಿಲ್ಲ. ತಮ್ಮ ಜನರ ನಡುವೆಯೇ ಸಾಯಲು ನಿಂತರು. ಕೊಲ್ಲುವವನಿಗೆ 25 ಚಿನ್ನದ ನಾಣ್ಯಗಳನ್ನು ಕೊಡಿಸಿ, 258ರ ಸೆಪ್ಟೆಂಬರ್ 14ರಂದು ಖಡ್ಗಕ್ಕೆ ತಲೆಯೊಡ್ಡಿದರು.

ಸೆಪ್ಟೆಂಬರ್ 16ರಂದು ಧರ್ಮಸಭೆಯು ಜಗದ್ಗುರು ಸಂತ ಕೊರ್ನೇಲಿಯರೊಡನೆ ಈ ರಕ್ತಸಾಕ್ಷಿಯನ್ನು ಸ್ಮರಿಸುತ್ತದೆ. ಪಾನಪಾತ್ರೆಗೆ ಬೀಳುವ ಆ ಹನಿ ನೀರು ನಾವೇ ಎಂಬುದನ್ನು ಮುಂದಿನ ಪೂಜೆಯಲ್ಲಿ ನೆನೆಯೋಣ, ಮಕ್ಕಳಿಗೂ ತಿಳಿಸೋಣ.