ಕರಿಕೋಟಿಗೆ ಕಾದ ಮೂವತ್ತು ವರ್ಷ: ಕಾರ್ನೇಲಿಯಾ ಸೊರಾಬ್ಜಿ

ಇಂದು ಯಾವ ತಾಲ್ಲೂಕಿನ ನ್ಯಾಯಾಲಯಕ್ಕೆ ಹೋದರೂ ಕರಿಕೋಟು ತೊಟ್ಟು, ಕೈಯಲ್ಲಿ ಕಡತ ಹಿಡಿದ ಹೆಣ್ಣುಮಕ್ಕಳು ಕಾಣಸಿಗುತ್ತಾರೆ. ಅದರಲ್ಲಿ ವಿಶೇಷವೇನಿದೆ ಎಂದು ನಮಗೆ ಅನ್ನಿಸಬಹುದು. ಆದರೆ 1920ರಲ್ಲಿಯೂ ನಮ್ಮ ದೇಶದಲ್ಲಿ ಹೆಣ್ಣೊಬ್ಬಳು ಎಷ್ಟೇ ಕಾನೂನು ಓದಿದ್ದರೂ ಹೈಕೋರ್ಟಿನ ವಕೀಲರ ಪಟ್ಟಿಯಲ್ಲಿ ಹೆಸರು ಬರೆಸುವಂತಿರಲಿಲ್ಲ. ಆ ಬಾಗಿಲನ್ನು ತಟ್ಟುತ್ತಲೇ ಅರ್ಧ ಆಯುಷ್ಯ ಕಳೆದವರು ಕಾರ್ನೇಲಿಯಾ ಸೊರಾಬ್ಜಿ. ಅವರ ಬಾಲ್ಯದ ಕೆಲವು ವರ್ಷಗಳು ನಮ್ಮ ಬೆಳಗಾವಿಯಲ್ಲೇ ಕಳೆದವು ಎಂಬುದು ನಮಗೆ ಹೆಮ್ಮೆಯ ಸಂಗತಿ.

ಕಾರ್ನೇಲಿಯಾ ಹುಟ್ಟಿದ್ದು 1866ರ ನವೆಂಬರ್ 15ರಂದು, ನಾಸಿಕದಲ್ಲಿ. ತಂದೆ ಸೊರಾಬ್ಜಿ ಖರ್ಸೇಡ್‌ಜಿ ಪಾರ್ಸಿ ಮನೆತನದಿಂದ ಬಂದು ಕ್ರೈಸ್ತಮತ ಸ್ವೀಕರಿಸಿದವರು. ತಾಯಿ ಫ್ರಾನ್ಸಿನಾ ಪುಣೆಯಲ್ಲಿ ಶಾಲೆಗಳನ್ನು ತೆರೆದು ನಡೆಸಿದ ದಿಟ್ಟ ಮಹಿಳೆ. ಮನೆ ತುಂಬ ಹೆಣ್ಣುಮಕ್ಕಳಿದ್ದರೂ ಅವರನ್ನು ಓದಿಸುವುದರಲ್ಲಿ ತಂದೆತಾಯಿ ಹಿಂದೆ ಬೀಳಲಿಲ್ಲ.

ಕಾನೂನು ಓದಬೇಕೆಂಬ ಆಸೆ ಹುಟ್ಟಿದ್ದು ಹೇಗೆಂದು ಕಾರ್ನೇಲಿಯಾ ತಮ್ಮ ಆತ್ಮಕಥೆಯಲ್ಲಿ ನೆನಪಿಸಿಕೊಂಡಿದ್ದಾರೆ. ಚಿಕ್ಕವರಿದ್ದಾಗ ಅವರ ತಾಯಿಯ ಬಳಿಗೆ ಸ್ಥಿತಿವಂತ ಮನೆತನದ ವಿಧವೆಯೊಬ್ಬರು ಅಳುತ್ತ ಬಂದರು. ಆಸ್ತಿ ನೋಡಿಕೊಳ್ಳಬೇಕಾದವನೇ ಮೋಸದಿಂದ ಎಲ್ಲವನ್ನೂ ತನ್ನ ಹೆಸರಿಗೆ ಬರೆಸಿಕೊಂಡಿದ್ದ. ಪರದೆಯಾಚೆಗಿನ ಲೋಕ ಕಾಣದ ಆ ಹೆಂಗಸಿಗೆ ತಾನು ಒಪ್ಪಿಗೆ ಕೊಟ್ಟ ಕಾಗದದಲ್ಲಿ ಏನಿದೆ ಎಂಬುದೇ ಗೊತ್ತಿರಲಿಲ್ಲ. ಇಂಥವರಿಗೆ ನೆರವಾಗಬೇಕಾದರೆ ಕಾನೂನು ಕಲಿಯಬೇಕು ಎಂದು ತಾಯಿ ಮಗಳಿಗೆ ತಿಳಿಹೇಳಿದರು. ಆ ಮಾತು ಮಗುವಿನ ಮನಸ್ಸಿನಲ್ಲಿ ಬೇರೂರಿತು.

ಪುಣೆಯ ಡೆಕ್ಕನ್ ಕಾಲೇಜು ಸೇರಿದ ಕಾರ್ನೇಲಿಯಾ ಪದವಿ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಬೊಂಬಾಯಿ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪದವೀಧರೆ ಎಂಬ ಕೀರ್ತಿ ಅವರದು. ಆ ಸ್ಥಾನ ಪಡೆದವರಿಗೆ ಇಂಗ್ಲೆಂಡಿನಲ್ಲಿ ಓದಲು ಸರ್ಕಾರದ ವಿದ್ಯಾರ್ಥಿವೇತನ ಸಿಗಬೇಕಿತ್ತು. ಹೆಣ್ಣು ಎಂಬ ಒಂದೇ ಕಾರಣಕ್ಕೆ ಅದು ತಪ್ಪಿಹೋಯಿತು. ಅವರು ಅಳುತ್ತ ಕೂರಲಿಲ್ಲ. ಅಹಮದಾಬಾದಿನ ಗುಜರಾತ್ ಕಾಲೇಜಿನಲ್ಲಿ ಗಂಡುಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳಿದರು. ಇತ್ತ ಇಂಗ್ಲೆಂಡಿನ ಕೆಲವು ಹಿತೈಷಿಗಳು ಸೇರಿ ಹಣ ಕೂಡಿಸಿದರು. ದಾದಿಯರ ತಾಯಿ ಎನಿಸಿದ ಫ್ಲಾರೆನ್ಸ್ ನೈಟಿಂಗೇಲ್ ಕೂಡ ಅವರಲ್ಲಿ ಒಬ್ಬರು. ಹೀಗೆ 1889ರಲ್ಲಿ, 22ನೆಯ ವಯಸ್ಸಿನಲ್ಲಿ, ಕಾರ್ನೇಲಿಯಾ ಆಕ್ಸ್‌ಫರ್ಡಿನ ಸಾಮರ್‌ವಿಲ್ ಸೇರಿದರು.

ಅಲ್ಲಿ ಕಾನೂನು ಓದಿದ ಮೊದಲ ಹೆಣ್ಣುಮಗಳು ಅವರೇ. ಆಲ್ ಸೋಲ್ಸ್ ಕಾಲೇಜಿನ ಪ್ರಸಿದ್ಧ ಗ್ರಂಥಾಲಯದಲ್ಲಿ ಕುಳಿತು ಓದಲು ಅವರಿಗೆ ಅನುಮತಿ ದೊರೆಯಿತು. 1892ರಲ್ಲಿ ಬಿ.ಸಿ.ಎಲ್. ಪರೀಕ್ಷೆ ಬಂದಾಗ ಮತ್ತೆ ಅಡ್ಡಿ. ಹೆಣ್ಣುಮಗಳನ್ನು ಗಂಡಸರ ಜೊತೆ ಪರೀಕ್ಷೆಗೆ ಕೂರಿಸುವ ಪದ್ಧತಿ ಇರಲಿಲ್ಲ. ವಿಶ್ವವಿದ್ಯಾಲಯ ವಿಶೇಷ ನಿರ್ಣಯ ಮಾಡಿ ಅವಕಾಶ ಕೊಟ್ಟಿತು. ಅವರು ಪರೀಕ್ಷೆ ಬರೆದು ತೇರ್ಗಡೆಯಾದರು. ಆದರೆ ಆಗ ಆಕ್ಸ್‌ಫರ್ಡಿನಲ್ಲಿ ಹೆಣ್ಣುಮಕ್ಕಳು ಪಾಸಾದರೂ ಪದವಿ ಕೊಡುತ್ತಿರಲಿಲ್ಲ. ಪದವಿ ಅವರ ಕೈಸೇರಿದ್ದು 1922ರಲ್ಲಿ, ಅಂದರೆ ಮೂವತ್ತು ವರ್ಷ ಕಳೆದ ಮೇಲೆ!

ಸ್ವದೇಶಕ್ಕೆ ಮರಳಿದಾಗ ಆಕ್ಸ್‌ಫರ್ಡಿನ ಓದು ಸಾಲದೆಂದಾಯಿತು. ಸರಿ, ಅವರು 1897ರಲ್ಲಿ ಬೊಂಬಾಯಿಯ ಎಲ್.ಎಲ್.ಬಿ. ಮುಗಿಸಿದರು. 1899ರಲ್ಲಿ ಅಲಹಾಬಾದ್ ಹೈಕೋರ್ಟಿನ ವಕೀಲಿ ಪರೀಕ್ಷೆಯನ್ನೂ ಪಾಸು ಮಾಡಿದರು. ಆದರೂ ಪಟ್ಟಿಯಲ್ಲಿ ಹೆಸರು ಸೇರಲಿಲ್ಲ. ಒಂದಾದ ಮೇಲೊಂದು ಪರೀಕ್ಷೆ ಗೆದ್ದವರಿಗೆ ಕೆಲಸ ಮಾಡುವ ಅಪ್ಪಣೆ ಮಾತ್ರ ಇಲ್ಲ! ಕೆಲವು ಸಂಸ್ಥಾನಗಳಲ್ಲಿ ವಾದಿಸಲು ಅವಕಾಶ ಸಿಕ್ಕರೂ ಅಲ್ಲಿಯ ನ್ಯಾಯ ವಿಚಿತ್ರವಾಗಿತ್ತು. ಆನೆಯೊಂದರ ಪರವಾಗಿ ಅವರು ವಾದಿಸಲು ಹೋದಾಗ, ತನ್ನ ನಾಯಿಗೆ ಈಕೆ ಹಿಡಿಸಿದಳೆಂಬ ಕಾರಣಕ್ಕೆ ರಾಜನು ತೀರ್ಪು ಕೊಟ್ಟನಂತೆ. ಗೆದ್ದರೂ ಅವರಿಗೆ ಸಂತೋಷವಾಗಲಿಲ್ಲ. ಓದಿದ ಕಾನೂನಿಗೆ ಅಲ್ಲಿ ಬೆಲೆಯೇ ಇರಲಿಲ್ಲವಲ್ಲ!

ಹಾಗಾದರೆ ಓದು ವ್ಯರ್ಥವಾಯಿತೇ? ಇಲ್ಲ. ಕೋರ್ಟಿನೊಳಗೆ ಬಿಡದಿದ್ದರೆ ಕೋರ್ಟಿನ ಹೊರಗೆ ಕೆಲಸವಿಲ್ಲವೇ ಎಂದು ಅವರು ಯೋಚಿಸಿದರು. ಪರದೆಯೊಳಗಿನ ಹೆಂಗಸರು ಪರಪುರುಷರ ಎದುರು ಬರುವಂತಿರಲಿಲ್ಲ. ಗಂಡು ವಕೀಲರು ಅವರ ಮನೆಯೊಳಗೆ ಹೋಗುವಂತಿರಲಿಲ್ಲ. ನಡುವೆ ನಿಂತ ಕಾರಭಾರಿ ಹೇಳಿದ್ದೇ ಮಾತು. ಇಂಥವರಿಗಾಗಿ ಸರ್ಕಾರ ಮಹಿಳಾ ಕಾನೂನು ಸಲಹೆಗಾರರನ್ನು ನೇಮಿಸಬೇಕೆಂದು ಕಾರ್ನೇಲಿಯಾ ಮನವಿಯ ಮೇಲೆ ಮನವಿ ಬರೆದರು. ಕೊನೆಗೆ 1904ರಲ್ಲಿ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್‌ನಲ್ಲಿ ಅವರಿಗೆ ಹುದ್ದೆ ದೊರೆಯಿತು. ಅಪ್ರಾಪ್ತ ವಾರಸುದಾರರ ಹಾಗೂ ಅಸಹಾಯಕ ಒಡತಿಯರ ಆಸ್ತಿಯನ್ನು ಸರ್ಕಾರದ ಪರವಾಗಿ ನೋಡಿಕೊಳ್ಳುವ ಇಲಾಖೆ ಅದು.

ಮುಂದೆ ಬಂಗಾಳ, ಬಿಹಾರ, ಒರಿಸ್ಸಾ, ಅಸ್ಸಾಂ ಪ್ರಾಂತಗಳ ಅಂತಃಪುರಗಳಿಗೆ ಅವರ ತಿರುಗಾಟ ನಡೆಯಿತು. ಕಾಗದಪತ್ರ ಓದಿ ಅರ್ಥ ಹೇಳುವುದು, ಜೀವನಾಂಶ ಕೊಡಿಸುವುದು, ದತ್ತು ಮತ್ತು ಪಾಲಿನ ಜಗಳ ಬಿಡಿಸುವುದು, ತಬ್ಬಲಿ ಮಕ್ಕಳ ಓದಿಗೆ ಏರ್ಪಾಡು ಮಾಡುವುದು ಅವರ ಕೆಲಸ. ಸುಮಾರು 20 ವರ್ಷಗಳಲ್ಲಿ 600ಕ್ಕೂ ಹೆಚ್ಚು ಹೆಂಗಸರು ಮತ್ತು ಮಕ್ಕಳು ಅವರಿಂದ ನೆರವು ಪಡೆದರು. ಬಾಲ್ಯದಲ್ಲಿ ಕಂಡ ಆ ವಿಧವೆಯ ಕಣ್ಣೀರನ್ನು ಅವರು ಮರೆತಿರಲಿಲ್ಲ.

1921ರಲ್ಲಿ ಅಲಹಾಬಾದ್ ಹೈಕೋರ್ಟು ಅವರ ಹೆಸರನ್ನು ದಾಖಲಿಸಿಕೊಂಡಿತು. 1923ರ ಕಾಯಿದೆ ದೇಶದ ಎಲ್ಲ ಹೆಣ್ಣುಮಕ್ಕಳಿಗೂ ವಕೀಲಿ ವೃತ್ತಿಯ ಬಾಗಿಲು ತೆರೆಯಿತು. ಕಾರ್ನೇಲಿಯಾ ಕಲಕತ್ತೆಯಲ್ಲಿ ವೃತ್ತಿ ಹಿಡಿದಾಗ ವಯಸ್ಸು ಐವತ್ತು ದಾಟಿತ್ತು. ಆಗಲೂ ಅವರಿಗೆ ಹೆಚ್ಚಾಗಿ ಸಿಕ್ಕಿದ್ದು ಅಭಿಪ್ರಾಯ ಬರೆದುಕೊಡುವ ಕೆಲಸವೇ ಹೊರತು ನಿಂತು ವಾದಿಸುವ ಕೆಲಸವಲ್ಲ. 1929ರಲ್ಲಿ ನಿವೃತ್ತರಾಗಿ ಲಂಡನ್ನಿನಲ್ಲಿ ನೆಲೆಸಿದರು. 1954ರ ಜುಲೈ 6ರಂದು ಅಲ್ಲಿಯೇ ನಿಧನರಾದರು.

ಅವರ ಎಲ್ಲ ನಿಲುವುಗಳನ್ನೂ ನಾವು ಒಪ್ಪಬೇಕಾಗಿಲ್ಲ. ಬ್ರಿಟಿಷ್ ಆಡಳಿತವೇ ಒಳ್ಳೆಯದೆಂದು ನಂಬಿದ್ದ ಅವರು ಗಾಂಧೀಜಿಯವರ ಚಳವಳಿಯನ್ನು ವಿರೋಧಿಸಿದರು. ಅದರಿಂದ ಸ್ವದೇಶದ ಅನೇಕರ ವಿಶ್ವಾಸ ಕಳೆದುಕೊಂಡರು. ಇದನ್ನು ಮರೆಮಾಚುವುದು ಸರಿಯಲ್ಲ. ಇದರಿಂದಾಗಿ ಅವರ ಸಾಧನೆಯನ್ನು ಮರೆಯುವುದೂ ಸರಿಯಲ್ಲ.

ನಮ್ಮ ಶಾಲೆಯ ಮಕ್ಕಳು, ಮುಖ್ಯವಾಗಿ ಹೆಣ್ಣುಮಕ್ಕಳು, ಈ ಜೀವನದಿಂದ ಕಲಿಯುವುದೇನು? ಕರಿಕೋಟು ಸಿಗುವ ಮೊದಲೇ ಕಾನೂನಿನ ತಿಳಿವಳಿಕೆಯಿಂದ ಇನ್ನೊಬ್ಬರಿಗೆ ಆಸರೆಯಾಗಬಹುದು. ಇಂದು ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಅಲ್ಲಿ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ವಕೀಲರಲ್ಲದವರೂ ತರಬೇತಿ ಪಡೆದು ಪ್ಯಾರಾ ಲೀಗಲ್ ಸ್ವಯಂಸೇವಕರಾಗಿ ಜನರಿಗೆ ದಾರಿ ತೋರಬಹುದು. ಅಷ್ಟೂ ಆಗದಿದ್ದರೆ, ಮನೆಯ ಅಜ್ಜಿಯೋ ಅಮ್ಮನೋ ಹೆಬ್ಬೆಟ್ಟು ಒತ್ತುವ ಮೊದಲು ಆ ಕಾಗದವನ್ನು ಒಮ್ಮೆ ಗಟ್ಟಿಯಾಗಿ ಓದಿ ಹೇಳಿ. ಕಾರ್ನೇಲಿಯಾ ಜೀವನವಿಡೀ ಮಾಡಿದ್ದು ಇದನ್ನೇ.