ಸಂಶೋಧಕ ಶಂಕರ ಆಬಾಜಿ ಭಿಸೆ

ಹೊಸ ಯಂತ್ರಗಳನ್ನು ಕಂಡುಹಿಡಿದವರ ಹೆಸರು ಹೇಳಿ ಎಂದರೆ ನಮ್ಮ ವಿದ್ಯಾರ್ಥಿಗಳು ಎಡಿಸನ್, ಮಾರ್ಕೋನಿ, ಗ್ರಹಾಂ ಬೆಲ್ ಎಂದು ಥಟ್ಟನೆ ಹೇಳುತ್ತಾರೆ. ನಮ್ಮ ದೇಶದವರೊಬ್ಬರ ಹೆಸರು ಹೇಳಿ ಎಂದರೆ ತರಗತಿಯೆಲ್ಲ ಸುಮ್ಮನಾಗುತ್ತದೆ. ಸುಮಾರು 200 ಹೊಸ ಸಾಧನಗಳನ್ನು ಯೋಚಿಸಿ, ಅವುಗಳಲ್ಲಿ ಸುಮಾರು 40ಕ್ಕೆ ಪೇಟೆಂಟ್ ಪಡೆದು, ಭಾರತದ ಎಡಿಸನ್ ಎಂದು ಹೆಸರಾದ ಮಹನೀಯರೊಬ್ಬರು ನಮ್ಮ ಮುಂಬಯಿಯಲ್ಲೇ ಹುಟ್ಟಿದ್ದರು. ಅವರೇ ಶಂಕರ ಆಬಾಜಿ ಭಿಸೆ. ಅಚ್ಚುಕೂಟದ ಯಂತ್ರದಿಂದ ಅಡುಗೆಮನೆಯ ಉಪಕರಣದವರೆಗೆ, ಅಂಗಡಿಯ ತಕ್ಕಡಿಯಿಂದ ರೋಗಿಯ ಔಷಧದವರೆಗೆ ಅವರ ಬುದ್ಧಿ ಹರಿಯದ ಕ್ಷೇತ್ರವಿರಲಿಲ್ಲ. ಹೀಗಿದ್ದರೂ ಅವರ ಜೀವನದ ಬಹುಭಾಗ ಯೋಚಿಸಿದ್ದನ್ನು ಜನರ ಕೈಗೆ ಮುಟ್ಟಿಸುವ ಹೋರಾಟದಲ್ಲೇ ಕಳೆಯಿತು.

ಭಿಸೆಯವರು 1867ರ ಏಪ್ರಿಲ್ 29ರಂದು ಮುಂಬಯಿಯಲ್ಲಿ ಜನಿಸಿದರು. ಆಗ ಆ ಪಟ್ಟಣದ ಬೀದಿಗಳಲ್ಲಿ ಗ್ಯಾಸಿನ ದೀಪಗಳು ಉರಿಯುತ್ತಿದ್ದವು. ಕಲ್ಲಿದ್ದಲನ್ನು ಗಾಳಿಯಾಡದ ಪಾತ್ರೆಯಲ್ಲಿಟ್ಟು ಕಾಯಿಸಿದರೆ ಉರಿಯುವ ಅನಿಲ ಹೊರಬರುತ್ತದೆ. ಅದನ್ನು ಕೊಳವೆಗಳಲ್ಲಿ ಹಾಯಿಸಿ ದೀಪಗಳಿಗೆ ಕೊಡುತ್ತಿದ್ದರು. ದೊಡ್ಡ ಕಾರ್ಖಾನೆಯಲ್ಲಿ ನಡೆಯುವ ಈ ಕೆಲಸವನ್ನು ಹದಿನಾಲ್ಕು ವರ್ಷದ ಶಂಕರ ತನ್ನ ಮನೆಯಲ್ಲೇ ಒಂದು ಚಿಕ್ಕ ಸಲಕರಣೆ ಮಾಡಿ ಸಾಧಿಸಿ ತೋರಿಸಿದನು. ಅಂದಿನಿಂದ ಸಂಶೋಧಕನಾಗಬೇಕೆಂಬ ಹಂಬಲ ಅವನನ್ನು ಬಿಡಲಿಲ್ಲ.

ಬೆಳೆದಂತೆ ಅವರು ಆಸಕ್ತರನ್ನು ಕೂಡಿಸಿಕೊಂಡು ಮುಂಬಯಿಯಲ್ಲಿ ಒಂದು ವಿಜ್ಞಾನ ಸಂಘವನ್ನು ನಡೆಸಿದರು. 1890ರ ನಂತರದ ಕೆಲವು ವರ್ಷ ಬೆಳಕಿನ ಚಮತ್ಕಾರಗಳಲ್ಲಿ ಅವರ ಮನಸ್ಸು ನೆಟ್ಟಿತು. ಒಂದು ವಸ್ತು ನೋಡುನೋಡುತ್ತಿದ್ದಂತೆ ಮತ್ತೊಂದಾಗಿ ಬದಲಾದಂತೆ ಕಾಣಿಸುವ ಪ್ರದರ್ಶನಗಳನ್ನು ರಚಿಸಿ ಅವರು ಇಂಗ್ಲೆಂಡಿನಲ್ಲೂ ತೋರಿಸಿದರು.

ಅವರ ಹೆಸರನ್ನು ಮೇಲೆತ್ತಿದ್ದು ಒಂದು ತೂಕದ ಯಂತ್ರ. ಅಂಗಡಿಯಾತ ಸಕ್ಕರೆಯನ್ನೋ ಹಿಟ್ಟನ್ನೋ ತಕ್ಕಡಿಗೆ ಸುರಿದು, ಹೆಚ್ಚಾದರೆ ತೆಗೆದು, ಕಡಿಮೆಯಾದರೆ ಸೇರಿಸಿ ತೂಗುವುದನ್ನು ನಾವು ನೋಡಿದ್ದೇವೆ. ಈ ಕೆಲಸವನ್ನು ತಾನಾಗಿಯೇ ಮಾಡಿ, ಬೇಕಾದಷ್ಟನ್ನೇ ತೂಗಿ ಕೊಡುವ ಯಂತ್ರದ ವಿನ್ಯಾಸಕ್ಕಾಗಿ ಲಂಡನ್ನಿನ ಒಂದು ಪತ್ರಿಕೆ ಸ್ಪರ್ಧೆ ಏರ್ಪಡಿಸಿತ್ತು. ಭಿಸೆಯವರು ಮುಂಬಯಿಯಿಂದಲೇ ತಮ್ಮ ವಿನ್ಯಾಸವನ್ನು ಕಳುಹಿಸಿ ಬಹುಮಾನ ಗೆದ್ದರು. ಆಳುವವರ ದೇಶದ ಸಂಶೋಧಕರ ನಡುವೆ ಆಳಿಸಿಕೊಳ್ಳುವ ದೇಶದ ತರುಣನೊಬ್ಬ ಮೊದಲಿಗನಾದದ್ದು ಆ ದಿನಗಳಲ್ಲಿ ಸಣ್ಣ ಮಾತಲ್ಲ. ಮುಂಬಯಿಯ ಗಣ್ಯರು ಅವರನ್ನು ಲಂಡನ್ನಿಗೆ ಕಳುಹಿಸಲು ಮುಂದಾದರು. ಕಾಂಗ್ರೆಸ್ಸಿನ ಮುಖಂಡರಾದ ದಿನ್ಶಾ ವಾಚಾ ಅವರು ದಾದಾಭಾಯಿ ನವರೋಜಿಯವರಿಗೆ ಪರಿಚಯ ಪತ್ರ ಬರೆದುಕೊಟ್ಟರು. ಹೀಗೆ ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಭಿಸೆಯವರು ಲಂಡನ್ನಿನಲ್ಲಿ ನೆಲೆಯೂರಿದರು.

ಇಲ್ಲಿ ಪೇಟೆಂಟ್ ಎಂದರೇನು ಎಂಬುದನ್ನು ತಿಳಿಯೋಣ. ಹೊಸದೊಂದನ್ನು ಕಂಡುಹಿಡಿದವನು ಅದರ ಗುಟ್ಟನ್ನು ಬಚ್ಚಿಟ್ಟುಕೊಂಡರೆ ಅದು ಅವನೊಂದಿಗೇ ಅಳಿದುಹೋಗಬಹುದು; ಬಹಿರಂಗಪಡಿಸಿದರೆ ಹಣವುಳ್ಳವನು ಅದನ್ನು ಕದ್ದು ಲಾಭ ಮಾಡಿಕೊಳ್ಳಬಹುದು. ಆದ್ದರಿಂದ ಸರ್ಕಾರ ಸಂಶೋಧಕನೊಡನೆ ಒಂದು ಒಪ್ಪಂದಕ್ಕೆ ಬರುತ್ತದೆ. ನಿನ್ನ ಯಂತ್ರವನ್ನು ಬಲ್ಲ ಕುಶಲಕರ್ಮಿಯೊಬ್ಬ ಓದಿ ತಯಾರಿಸುವಷ್ಟು ಸ್ಪಷ್ಟವಾಗಿ, ಚಿತ್ರಸಹಿತ ಬರೆದು ಕೊಡು. ಇಷ್ಟು ವರ್ಷ ನಿನ್ನ ಅನುಮತಿಯಿಲ್ಲದೆ ಬೇರೆ ಯಾರೂ ಅದನ್ನು ತಯಾರಿಸಿ ಮಾರದಂತೆ ನೋಡಿಕೊಳ್ಳುತ್ತೇನೆ ಎಂಬುದೇ ಆ ಒಪ್ಪಂದ. ಭಿಸೆಯವರು ಲಂಡನ್ನಿಗೆ ಹೋದ ಕಾಲದಲ್ಲಿ ಬ್ರಿಟನ್ನಿನಲ್ಲಿ ಈ ಅವಧಿ 14 ವರ್ಷ. ಇಂದು ನಮ್ಮ ದೇಶದಲ್ಲಿ 20 ವರ್ಷ. ಒಂದು ದೇಶದ ಪೇಟೆಂಟ್ ಇನ್ನೊಂದು ದೇಶದಲ್ಲಿ ನಡೆಯದು. ಪ್ರತಿ ದೇಶದಲ್ಲೂ ಬೇರೆ ಅರ್ಜಿ, ಬೇರೆ ಶುಲ್ಕ. ಅವಧಿ ಮುಗಿಯುವವರೆಗೆ ಮತ್ತೆ ಮತ್ತೆ ಹಣ ಕಟ್ಟದಿದ್ದರೆ ಹಕ್ಕು ಕೈತಪ್ಪುತ್ತದೆ. ಬಡ ಸಂಶೋಧಕನಿಗೆ ಇದು ಎಂಥ ಭಾರವೆಂಬುದನ್ನು ಊಹಿಸಬಹುದು.

ಲಂಡನ್ನಿನಲ್ಲಿ ಭಿಸೆಯವರು ವಿದ್ಯುದ್ದೀಪಗಳ ಜಾಹೀರಾತು ಫಲಕ, ಅಡುಗೆಮನೆಯ ಉಪಕರಣಗಳು, ತಲೆನೋವು ಶಮನಗೊಳಿಸುವ ಸಾಧನ, ಶೌಚಗೃಹಕ್ಕೆ ತಾನಾಗಿಯೇ ನೀರು ಬಿಡುವ ಏರ್ಪಾಡು ಮುಂತಾದವುಗಳಲ್ಲಿ ತೊಡಗಿದರು. ಆದರೆ ಅವರ ಆಯುಷ್ಯದ ಸಾರವನ್ನೆಲ್ಲ ಹೀರಿದ್ದು ಅಚ್ಚುಮೊಳೆಯ ಯಂತ್ರ.

ಆ ಕಾಲದ ಅಚ್ಚಿನ ಕೆಲಸ ಹೇಗಿತ್ತೆಂದು ಇಂದಿನ ಮಕ್ಕಳಿಗೆ ತಿಳಿಸುವುದು ಅಗತ್ಯ, ಏಕೆಂದರೆ ಈಗ ಅಕ್ಷರಗಳು ಕಂಪ್ಯೂಟರಿನ ಪರದೆಯ ಮೇಲೆ ಮೂಡುತ್ತವೆ. ಹಿಂದೆ ಒಂದೊಂದು ಅಕ್ಷರಕ್ಕೂ ಒಂದೊಂದು ಲೋಹದ ಮೊಳೆ. ಸೀಸಕ್ಕೆ ತವರವನ್ನೂ ಗಟ್ಟಿತನಕ್ಕಾಗಿ ಆಂಟಿಮನಿಯನ್ನೂ ಬೆರೆಸಿ ಕರಗಿಸಿ, ಅಚ್ಚಿನಲ್ಲಿ ಎರಕ ಹೊಯ್ದು ಅದನ್ನು ಮಾಡುತ್ತಿದ್ದರು. ಮೊಳೆ ಜೋಡಿಸುವವರು ಕೇಸಿನ ಒಂದೊಂದು ಮನೆಯಿಂದ ಮೊಳೆ ಹೆಕ್ಕಿ ಸಾಲು ಕಟ್ಟುತ್ತಿದ್ದರು. ಅಚ್ಚಾದ ಮೇಲೆ ಮತ್ತೆ ಬಿಡಿಸಿ ಅದರದರ ಮನೆಗೆ ಹಾಕುತ್ತಿದ್ದರು. ಕಾಗುಣಿತ, ಒತ್ತಕ್ಷರಗಳಿರುವ ನಮ್ಮ ಕನ್ನಡದಲ್ಲಿ ಈ ಕೆಲಸ ಇನ್ನೂ ಕಷ್ಟದ್ದು. 1886ರಲ್ಲಿ ನ್ಯೂಯಾರ್ಕಿನಲ್ಲಿ ಮರ್ಗೆಂಥೇಲರ್ ಎಂಬುವರ ಲೈನೋಟೈಪ್ ಯಂತ್ರ ಕೆಲಸಕ್ಕೆ ಬಂತು. ಅದು ಇಡೀ ಸಾಲನ್ನೇ ಒಂದು ಪಟ್ಟಿಯಾಗಿ ಎರಕ ಹೊಯ್ಯುತ್ತಿತ್ತು. ಒಂದು ಅಕ್ಷರ ತಪ್ಪಾದರೆ ಸಾಲನ್ನೆಲ್ಲ ಮತ್ತೆ ಹೊಯ್ಯಬೇಕು. ಲ್ಯಾನ್‌ಸ್ಟನ್ ಎಂಬುವರ ಮೋನೋಟೈಪ್ ಯಂತ್ರ ಬಿಡಿ ಬಿಡಿ ಮೊಳೆಗಳನ್ನು ಹೊಯ್ಯುತ್ತಿತ್ತು. ಅದರ ವೇಗಕ್ಕೆ ಮಿತಿಯಿತ್ತು. ಕರಗಿದ ಲೋಹ ಅಚ್ಚಿನಲ್ಲಿ ಗಟ್ಟಿಯಾಗುವವರೆಗೆ ಕಾಯದಿದ್ದರೆ ಮೊಳೆ ಕೆಡುತ್ತದೆ. ಬಿಡಿ ಮೊಳೆಯ ಅನುಕೂಲವನ್ನು ಬಿಡದೆ ವೇಗವನ್ನು ಹೆಚ್ಚಿಸುವುದು ಹೇಗೆ ಎಂಬ ಪ್ರಶ್ನೆಯನ್ನೇ ಭಿಸೆಯವರು ಕೈಗೆತ್ತಿಕೊಂಡರು. ಅವರ ಯಂತ್ರಕ್ಕೆ ಭಿಸೋಟೈಪ್ ಎಂದು ಹೆಸರಾಯಿತು. ನಿಮಿಷಕ್ಕೆ 1200 ಮೊಳೆಗಳನ್ನು ಹೊಯ್ಯಬಲ್ಲದೆಂದು ಅದು ಪ್ರಸಿದ್ಧಿ ಪಡೆಯಿತು.

ಯಂತ್ರದ ಯೋಚನೆ ಸಿದ್ಧವಾದರೂ ಅದನ್ನು ಕಬ್ಬಿಣದಲ್ಲಿ ಕಟ್ಟಿ, ಪರೀಕ್ಷಿಸಿ, ಮಾರುಕಟ್ಟೆಗೆ ತರಲು ಹಣ ಬೇಕಲ್ಲವೇ? ಎಪ್ಪತ್ತು ದಾಟಿದ ದಾದಾಭಾಯಿಯವರು ತಮ್ಮ ಕೈಯಿಂದ ಹಣ ಹಾಕಿದರು, ಇತರರಿಂದಲೂ ಕೂಡಿಸಿದರು. ಭಾರತದ ಸಂಪತ್ತು ಇಂಗ್ಲೆಂಡಿಗೆ ಹೇಗೆ ಹರಿದುಹೋಗುತ್ತಿದೆ ಎಂಬುದನ್ನು ಲೆಕ್ಕಹಾಕಿ 1901ರಲ್ಲಿ ಗ್ರಂಥವನ್ನೇ ಪ್ರಕಟಿಸಿದವರು ಅವರು. ಭಾರತೀಯನ ಬುದ್ಧಿಯ ಫಲ ಭಾರತೀಯನಿಗೇ ದಕ್ಕಲೆಂದು ಅವರು ಬಯಸಿದ್ದು ಸಹಜವೇ. ಇಂಗ್ಲೆಂಡಿನ ಸಮಾಜವಾದಿ ನಾಯಕ ಹಿಂಡ್‌ಮನ್ ಅವರೂ ಬಂಡವಾಳ ಒದಗಿಸಲು ಪ್ರಯತ್ನಪಟ್ಟರು. ಯಾವುದೂ ಕೈಗೂಡಲಿಲ್ಲ. 1907ರಲ್ಲಿ ದಾದಾಭಾಯಿಯವರು ಸ್ವದೇಶಕ್ಕೆ ಮರಳಿದರು. ಮರುವರ್ಷ ಭಿಸೆಯವರೂ ಬರಿಗೈಯಲ್ಲಿ ಮುಂಬಯಿಗೆ ಹಿಂದಿರುಗಿದರು. ಪೇಟೆಂಟಿನ ಕಾಗದ ಪೆಟ್ಟಿಗೆಯಲ್ಲಿತ್ತು. ಯಂತ್ರ ಯಾವ ಅಚ್ಚುಕೂಟಕ್ಕೂ ಹೋಗಿರಲಿಲ್ಲ.

ಆಗ ಅವರಿಗೆ ನೆರವಾದವರು ಗೋಪಾಲಕೃಷ್ಣ ಗೋಖಲೆಯವರು. ಅವರ ಮಾತಿನಿಂದ ಜಮ್ಷೇಟ್‌ಜಿ ಟಾಟಾ ಅವರ ಕಿರಿಯ ಮಗ ರತನ್ ಟಾಟಾ ಅವರು ಭಿಸೆಯವರತ್ತ ಗಮನ ಹರಿಸಿದರು. (ನಮ್ಮ ಕಾಲದಲ್ಲಿದ್ದು 2024ರಲ್ಲಿ ತೀರಿಕೊಂಡ ರತನ್ ಟಾಟಾ ಇವರಲ್ಲ.) ದಕ್ಷಿಣ ಆಫ್ರಿಕದಲ್ಲಿ ಗಾಂಧೀಜಿಯವರ ಹೋರಾಟಕ್ಕೂ ಧನಸಹಾಯ ಮಾಡಿದ ಉದಾರಿ ಅವರು. ಟಾಟಾ-ಭಿಸೆ ಹೆಸರಿನಲ್ಲಿ ಒಂದು ಸಂಸ್ಥೆಯೇ ಆರಂಭವಾಯಿತು. ಭಿಸೆಯವರು ಮತ್ತೆ ಲಂಡನ್ನಿಗೆ ಹೋಗಿ ಕೆಲಸ ಮುಂದುವರಿಸಿದರು. ಅಷ್ಟರಲ್ಲಿ 1914ರಲ್ಲಿ ಮಹಾಯುದ್ಧ ಸಿಡಿಯಿತು. ಗೋಖಲೆಯವರು 1915ರಲ್ಲಿ, ರತನ್ ಟಾಟಾ ಅವರು 1918ರಲ್ಲಿ ತೀರಿಕೊಂಡರು. ಎರಡನೆಯ ಸಲ ಆಸರೆ ತಪ್ಪಿತು.

ಭಿಸೆಯವರು ಕೈಕಟ್ಟಿ ಕೂಡಲಿಲ್ಲ. ಯುದ್ಧದ ನಡುವೆಯೇ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನಲ್ಲಿ ನೆಲಸಿದರು. ಅಲ್ಲಿ ಮೊಳೆಯ ಯಂತ್ರವನ್ನು ಮತ್ತಷ್ಟು ಸರಳಗೊಳಿಸಿದರು. ರಸಾಯನಶಾಸ್ತ್ರದತ್ತಲೂ ತಿರುಗಿ ಅಯೋಡಿನ್‌ನಿಂದ ಆಟೊಮಿಡಿನ್ ಎಂಬ ಔಷಧವನ್ನು ತಯಾರಿಸಿದರು. ಅಯೋಡಿನ್ ಕ್ರಿಮಿನಾಶಕ, ಗಾಯಕ್ಕೆ ಹಚ್ಚುವುದನ್ನು ನೀವು ಬಲ್ಲಿರಿ. ದೇಹಕ್ಕೆ ಅದು ಅತ್ಯಲ್ಪ ಪ್ರಮಾಣದಲ್ಲಿ ಬೇಕೇ ಬೇಕು. ಇಲ್ಲದಿದ್ದರೆ ಗಳಗಂಡ ರೋಗ ಬರುತ್ತದೆ. ಆದರೆ ಹೆಚ್ಚಾದರೆ ಅದೇ ವಿಷ. ದೇಹಕ್ಕೆ ಒಗ್ಗುವ ರೂಪದಲ್ಲಿ ಅದನ್ನು ಕೊಡಬೇಕೆಂಬುದು ಅವರ ಗುರಿಯಾಗಿತ್ತು. ಆ ಔಷಧದ ಬಗ್ಗೆ ಅಂದು ಹೇಳಿದ್ದೆಲ್ಲವನ್ನೂ ಇಂದಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲವಾದರೂ ಅದು ಅವರ ಮರಣಾನಂತರವೂ ಬಹುಕಾಲ ಮಾರಾಟದಲ್ಲಿತ್ತು.

1930ರಲ್ಲಿ ಭಿಸೆಯವರು ತಾವು ಬಾಲ್ಯದಿಂದ ಆರಾಧಿಸಿದ ವಿದ್ಯೆಯ ಹಿರಿಯರಾದ ಥಾಮಸ್ ಎಡಿಸನ್ ಅವರನ್ನು ಭೇಟಿಯಾದರು. ಎಡಿಸನ್ನರ ಹೆಸರಿನಲ್ಲಿ ಅಮೆರಿಕದ 1093 ಪೇಟೆಂಟುಗಳಿದ್ದವು. ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಎಡಿಸನ್ನರಿಗೆ 1876ರಿಂದಲೇ ತಮ್ಮದೇ ಪ್ರಯೋಗಶಾಲೆ, ಕೈಗೆಲಸಕ್ಕೆ ನುರಿತವರ ತಂಡ, ಹಣ ಹಾಕಲು ತಮ್ಮ ದೇಶದ ಸಿರಿವಂತರು ಇದ್ದರು. ಭಿಸೆಯವರು ತಮ್ಮ ಯಂತ್ರಕ್ಕೆ ನೆಲೆ ಹುಡುಕುತ್ತ ಮೂರು ಖಂಡಗಳನ್ನು ಸುತ್ತಬೇಕಾಯಿತು. 1935ರ ಏಪ್ರಿಲ್ 7ರಂದು ನ್ಯೂಯಾರ್ಕಿನಲ್ಲಿ, ತಮ್ಮ 67ನೆಯ ವಯಸ್ಸಿನಲ್ಲಿ ಅವರು ಕಣ್ಮುಚ್ಚಿದರು. ಜಗತ್ತಿನ ಅಚ್ಚುಕೂಟಗಳಲ್ಲಿ ಲೈನೋಟೈಪ್, ಮೋನೋಟೈಪ್‌ಗಳೇ ಉಳಿದವು. ಭಿಸೋಟೈಪ್ ಅವುಗಳನ್ನು ಹಿಂದಿಕ್ಕಲಿಲ್ಲ.

ಹಾಗಾದರೆ ಅವರ ಬಾಳು ವ್ಯರ್ಥವಾಯಿತೇ? ಇಲ್ಲವೆಂದೇ ಹೇಳಬೇಕು. ಯಂತ್ರವಿದ್ಯೆ ಬಿಳಿಯರ ಸೊತ್ತು ಎಂದು ನಂಬಿದ್ದ ಕಾಲದಲ್ಲಿ ಅವರು ಲಂಡನ್, ನ್ಯೂಯಾರ್ಕುಗಳ ತಜ್ಞರೆದುರು ತಮ್ಮ ಯಂತ್ರವನ್ನು ನಡೆಸಿ ತೋರಿಸಿದರು. ಬುದ್ಧಿ ಒಬ್ಬನಲ್ಲಿ ಹುಟ್ಟಿದರೂ ಅದು ಫಲ ಕೊಡಲು ಹತ್ತು ಜನರ ಆಸರೆ ಬೇಕೆಂಬ ಪಾಠವನ್ನೂ ಅವರ ಬಾಳು ಕಲಿಸುತ್ತದೆ. ದಾದಾಭಾಯಿ, ಗೋಖಲೆ, ಟಾಟಾ ಅವರಂಥವರು ಕೈಹಿಡಿಯದಿದ್ದರೆ ಭಿಸೆಯವರ ಯೋಚನೆ ಮುಂಬಯಿಯ ಒಂದು ಕೋಣೆಯಲ್ಲೇ ಉಳಿಯುತ್ತಿತ್ತು.

ತಂದೆತಾಯಂದಿರಲ್ಲಿ ಒಂದು ವಿನಂತಿ. ಮಗನೋ ಮಗಳೋ ಮನೆಯ ಹಳೆಯ ಗಡಿಯಾರವನ್ನು ಬಿಚ್ಚಿ ಹರಡಿಕೊಂಡು ಕೂತರೆ ಕೂಡಲೇ ಗದರಿಸಬೇಡಿ. ಮರಳಿ ಜೋಡಿಸಲು ಹೇಳಿ, ಪಕ್ಕದಲ್ಲಿ ಕುಳಿತುಕೊಳ್ಳಿ. ವಿದ್ಯಾರ್ಥಿಗಳೇ, ನಿಮಗೊಂದು ಮಾತು. ಪೇಟೆಂಟ್ ಕೊಡುವವರು ಸಂಶೋಧಕನ ಬರವಣಿಗೆಯನ್ನು ಓದಿ ನಿರ್ಧರಿಸುತ್ತಾರೆ. ಹೊಸದೇನು, ಅದು ಹೇಗೆ ನಡೆಯುತ್ತದೆ ಎಂಬುದನ್ನು ಗೊಂದಲವಿಲ್ಲದೆ ಬರೆಯಬಲ್ಲವನ ಹಕ್ಕು ಉಳಿಯುತ್ತದೆ. ಆದುದರಿಂದ ಹೊಸದೇನಾದರೂ ಹೊಳೆದರೆ ಅಂದೇ ಒಂದು ವಹಿಯಲ್ಲಿ ತಾರೀಖು ಹಾಕಿ, ಚಿತ್ರ ಬರೆದು, ನಿಮ್ಮ ಕನ್ನಡದಲ್ಲೇ ಸ್ಪಷ್ಟವಾಗಿ ವಿವರಿಸಿಡಿ. ಭಾಷೆಯ ಪಾಠ ಬೇರೆ, ವಿಜ್ಞಾನದ ಪಾಠ ಬೇರೆ ಎಂದು ತಿಳಿಯಬೇಡಿ.